ಯಶೋದಮ್ಮನ ಬೆಸುಗೆ

ಹುಣಸೂರಿನ ಹಳೇ ಸೇತುವೆ ದಾಟಿ ಪೇಟೆಯ ಕಡೆ ತಿರುಗಿದರೆ ಬಲಗಡೆ ಒಂದು ಹಳದಿ ಬೋರ್ಡು ಕಾಣುತ್ತಿತ್ತು: ‘ದೊಡ್ಡಬೀರಯ್ಯ ಸೌಂಡ್ಸ್ ಅಂಡ್ ಶಾಮಿಯಾನ’. ಬೋರ್ಡಿನ ಮೇಲೆ ಒಂದು ಹಾರನ್ನಿನ ಚಿತ್ರ, ಅದರ ಬಾಯಿಂದ ಹೊರಟ ಮೂರು ಕೆಂಪು ಗೆರೆ, ಕೆಳಗೆ ಫೋನ್ ನಂಬರು. ಯಶೋದಮ್ಮನ ಹೆಸರು ಎಲ್ಲೂ ಇರಲಿಲ್ಲ. ಇರಬೇಕು ಅಂತ ಅವಳೂ ಕೇಳಿರಲಿಲ್ಲ ಅನ್ನಿ. ಆದರೆ ಆ ಅಂಗಡಿಯಿಂದ ಮದುವೆ, ನಾಮಕರಣ, ಎಲೆಕ್ಷನ್ನು ಅಂತ ಹೊರಟ ಒಂದೊಂದು ವೈರಿನ ತುದಿಗೂ ಬೆಸುಗೆ ಹಾಕಿದವಳು ಅವಳೇ.

ಮದುವೆಯಾದ ಹೊಸದರಲ್ಲಿ ದೊಡ್ಡಬೀರಯ್ಯ ತಾನೇ ಬೆಸುಗೆಗೆ ಕೂತು ಎರಡು ಹಾರನ್ನಿನ ಕಾಯಿಲ್ಲು ಸುಟ್ಟು, ಮೂರನೆಯದಕ್ಕೆ ಕೈ ಹಾಕಿದ್ದ. ಕಂಬ ಹತ್ತಿ ಹಾರನ್ನು ಕಟ್ಟುವುದರಲ್ಲಿ ಅವನನ್ನು ಮೀರಿಸುವವರು ತಾಲ್ಲೂಕಿನಲ್ಲೇ ಇರಲಿಲ್ಲ, ಆದರೆ ಬೆರಳು ಮಾತ್ರ ದಪ್ಪ, ತಾಳ್ಮೆ ಸಣ್ಣದು. ಯಶೋದಮ್ಮ ಪಿರಿಯಾಪಟ್ಟಣದ ಕಡೆಯವಳು, ತೌರಿನಲ್ಲಿ ತಂಬಾಕಿನ ಎಲೆಯನ್ನು ಕಡ್ಡಿಗೆ ಪೋಣಿಸಿ ಬೆಳೆದವಳು. ದಿನಕ್ಕೆ ನೂರಾರು ಕಡ್ಡಿ, ಒಂದೆಲೆಯೂ ಹರಿಯಬಾರದು. ಅಂಥ ಬೆರಳಿಗೆ ಕೂದಲೆಳೆಯ ತಾಮ್ರದ ತಂತಿ ಯಾವ ಲೆಕ್ಕ? “ಕೊಡಿ ಇತ್ಲಾಗೆ” ಅಂತ ಅವನ ಕೈಯಿಂದ ಬೆಸುಗೆಯ ಬಿಸಿ ಕಡ್ಡಿ ಇಸಿದುಕೊಂಡವಳು ಇಪ್ಪತ್ತೆರಡು ವರ್ಷವಾದರೂ ವಾಪಸ್ ಕೊಟ್ಟಿರಲಿಲ್ಲ. ಗಿರಾಕಿಗಳು ಬಂದು “ಬೀರಯ್ಯನ ಲೈನು ಅಂದ್ರೆ ಲೈನು ಕಣಪ್ಪ, ಒಂದ್ ಗೊರಗೊರ ಇಲ್ಲ” ಅನ್ನುವಾಗ ದೊಡ್ಡಬೀರಯ್ಯ ಮೀಸೆ ನೀವಿಕೊಳ್ಳುತ್ತಿದ್ದ. ಒಳಕೋಣೆಯಲ್ಲಿ ಕೂತ ಯಶೋದಮ್ಮನೂ ನಗುತ್ತಿದ್ದಳು. ನಮ್ಮ ಮನೆಯ ಮಾತು ತಾನೆ, ಯಾರ ತಲೆಗೆ ಕಿರೀಟ ಇಟ್ಟರೇನು ಅಂತ ಇದ್ದಳು.

ಆ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿತ್ತು. ಆಂಪ್ಲಿಫೈಯರಿನ ಟ್ರೆಬಲ್ ತಿರುಪನ್ನು, ಅಂದರೆ ಸದ್ದಿನ ಚೂಪು ಏರಿಸಿ ಇಳಿಸುವುದನ್ನು, ಯಾರೂ ಮುಟ್ಟುವ ಹಾಗಿಲ್ಲ. ಬಾಡಿಗೆಗೆ ಕೊಂಡುಹೋದವರು ಸಿಕ್ಕಾಪಟ್ಟೆ ತಿರುಗಿಸಿ ಹಾರನ್ನಿನ ತಗಡು ಹರಿದುಕೊಂಡು ಬರುತ್ತಿದ್ದರು ಅಂತ, ಯಶೋದಮ್ಮನೇ ಒಂದು ದಿನ ಸರಿಯಾದ ಜಾಗ ನೋಡಿ ತಿರುಪಿನ ಬುಡಕ್ಕೆ ಕೆಂಪು ಉಗುರುಬಣ್ಣ ಸುರಿದು ಅಂಟಿಸಿಬಿಟ್ಟಿದ್ದಳು. ಅಂದಿನಿಂದ ದೊಡ್ಡಬೀರಯ್ಯನ ದಾರಿಯೇ ಬೇರೆಯಾಯಿತು. ಹಾರನ್ನು ಕೀರಲು ಹೊಡೆದರೆ ತನ್ನದನ್ನು ತಿರುಗಿಸುವುದು ಬಿಟ್ಟು, ಬಂದವರ ಸಾಮಾನನ್ನೇ ತಗ್ಗಿಸುವುದು. ಟೇಪ್‌ರೆಕಾರ್ಡರಾಗಲಿ, ಕೀಬೋರ್ಡಾಗಲಿ, ಹರಿಕಥೆ ದಾಸರ ಶ್ರುತಿಪೆಟ್ಟಿಗೆಯಾಗಲಿ, ಅವನ ಬೆರಳು ಹೋಗಿ ತಡವಿ ಒಂದು ತಿರುಪು ಹುಡುಕಿ ಇಳಿಸಿ ಬರುತ್ತಿತ್ತು. ಆ ಬೆರಳಿಗೆ ಯಾವಾಗಲೂ ಎಲೆಯಡಿಕೆಯ ಸುಣ್ಣ. ಮನೆಯ ರೇಡಿಯೋ, ಸ್ವಿಚ್ಚು, ಗಡಿಯಾರ ಎಲ್ಲದರ ಮೇಲೂ ಬಿಳಿ ಚುಕ್ಕೆ. ಅವನ್ನು ಒರೆಸಿ ಒರೆಸಿ ಯಶೋದಮ್ಮನ ಸೆರಗಿನ ಅಂಚು ಸವೆದಿತ್ತು.

ಇಷ್ಟು ಹೇಳಿದ ಮೇಲೆ ಆ ಬುಧವಾರದ ವಿಷಯಕ್ಕೆ ಬರೋಣ. ಎರಡು ಸಾವಿರದ ನಾಲ್ಕನೇ ಇಸವಿ, ನವೆಂಬರ್ ಕೊನೆ. ಬರುವ ಭಾನುವಾರ ಆಟೋ ಚಾಲಕರ ಸಂಘದ ರಾಜ್ಯೋತ್ಸವ. ಸಾಲಿಗ್ರಾಮದ ‘ನಾದಝರಿ’ ಆರ್ಕೆಸ್ಟ್ರಾ ಹಾಡುತ್ತೆ, ಮೈಕ್‌ಸೆಟ್ಟು ದೊಡ್ಡಬೀರಯ್ಯನದು ಅಂತ ಮಾತಾಗಿತ್ತು. ಬೆಳಿಗ್ಗೆ ಹತ್ತಕ್ಕೆ ಆ ಆರ್ಕೆಸ್ಟ್ರಾದ ಗಿಟಾರಿನ ಸೋಮಶೇಖರ್ ಅಂಗಡಿಯ ಮುಂದೆ ಬೈಕು ನಿಲ್ಲಿಸಿದ. ಮೂವತ್ತು ವರ್ಷದ ಆಳು, ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ. ಮುಖ ಮಾತ್ರ ಕೆಂಡ.

“ದೊಡ್ಡಬೀರಯ್ಯನೋರೇ, ನನ್ನ ಪ್ರೊಸೆಸರ್ ಸುಟ್ಟುಹಾಕಿದ್ರಲ್ರೀ!”

ಪಕ್ಕದ ಟೀ ಅಂಗಡಿಯ ಮಾದೇವ ಸೌಟು ಹಿಡಿದೇ ಹೊರಗೆ ಬಂದ. ಟೀ ಕುಡಿಯುತ್ತಿದ್ದ ಏಳೆಂಟು ಜನ ಲೋಟದ ಸಮೇತ ಎದ್ದು ಬಂದರು. ಜಗಳ ಅಂದರೆ ನಮ್ಮ ಪೇಟೆಯಲ್ಲಿ ಕಾಲು ತಾನಾಗಿ ನಡೆಯುತ್ತೆ.

ಸಂಗತಿ ಏನೆಂದರೆ, ಸೋಮಶೇಖರ್ ಗಿಟಾರನ್ನು ನೇರವಾಗಿ ನುಡಿಸುವವನಲ್ಲ. ನಡುವೆ ಒಂದು ಡಿಜಿಟಲ್ ಎಫೆಕ್ಟ್ಸ್ ಪೆಟ್ಟಿಗೆ ಇರುತ್ತೆ. ಕಾಲಲ್ಲಿ ಒತ್ತಿದರೆ ಕೆಂಪು ಅಂಕಿ ಬದಲಾಗಿ ಗಿಟಾರಿನ ದನಿಯೂ ಬದಲಾಗುತ್ತೆ. ಅಂಥ ಐವತ್ತು ನಂಬರು ಅದರಲ್ಲಿವೆ. ಮನೆಯಲ್ಲಿ ಅವನು ಆ ಪೆಟ್ಟಿಗೆಗೆ ಹೆಡ್‌ಫೋನ್ ಸಿಕ್ಕಿಸಿ ಅಭ್ಯಾಸ ಮಾಡುತ್ತಾನೆ, ಯಾಕೆಂದರೆ ಅವನ ತಾಯಿಗೆ ಗಿಟಾರ್ ಕೇಳಿದರೆ ತಲೆನೋವು. ಎರಡು ವಾರದ ಹಿಂದೆ ಪಿರಿಯಾಪಟ್ಟಣದ ಒಂದು ಮದುವೆಯಲ್ಲಿ ಆ ಪೆಟ್ಟಿಗೆಯನ್ನು ದೊಡ್ಡಬೀರಯ್ಯನ ಲೈನಿಗೆ, ಅಂದರೆ ಆಂಪ್ಲಿಫೈಯರಿಗೆ ಹೋಗುವ ವೈರಿಗೆ, ಕೊಟ್ಟು ನುಡಿಸಿದ್ದ. ಅಲ್ಲಿ ಚೆನ್ನಾಗಿತ್ತು. ಮನೆಗೆ ಬಂದು ಹೆಡ್‌ಫೋನ್ ಹಾಕಿದರೆ ಸದ್ದು ಮಂಕು, ಕಂಬಳಿ ಮುಸುಕು ಹಾಕಿಕೊಂಡು ಯಾರೋ ಮಾತಾಡಿದ ಹಾಗೆ. ಮೈಸೂರಿನಲ್ಲಿ ರಿಪೇರಿಯವರೊಬ್ಬರಿಗೆ ತೋರಿಸಿದ್ದಾನೆ. ಅವರು ಪೆಟ್ಟಿಗೆ ಬಿಚ್ಚದೇನೇ, “ಕಳಪೆ ಲೈನಿನಿಂದ ಕರೆಂಟು ವಾಪಸ್ ಬಂದು ಒಳಗೆ ಸುಟ್ಟಿದೆ” ಅಂದಿದ್ದಾರೆ.

“ನಮ್ ಆರ್ಕೆಸ್ಟ್ರಾದೋರೆಲ್ಲ ತೀರ್ಮಾನ ಮಾಡಿದೀವಿ. ಭಾನುವಾರ ಮೈಸೂರಿಂದ ಸೆಟ್ ತರಿಸ್ತೀವಿ. ನಿಮ್ಮ ಲೈನಿಗೆ ಇನ್ಮೇಲೆ ನಮ್ಮ ಸಾಮಾನು ಕೊಡಲ್ಲ” ಅಂದ ಸೋಮಶೇಖರ್.

ದೊಡ್ಡಬೀರಯ್ಯನ ಬಾಯಿಯಲ್ಲಿ ಎಲೆಯಡಿಕೆ ತುಂಬಿತ್ತು. ಅದನ್ನು ಉಗುಳಿ ಬಂದ. ಸುತ್ತ ನಿಂತ ಮುಖಗಳನ್ನು ನೋಡಿದ. ಆಮೇಲೆ ಹೇಳಿದ ಮಾತು ಇದು:

“ನಂದೇನೈತೆ ಅದ್ರಾಗೆ? ಆ ಲೈನಿಗೆ ಬೆಸುಗೆ ಆಕಿದ್ದು ನಾನಲ್ಲ ಕಣ್ರೀ. ನಮ್ಮನೆ ಎಂಗ್ಸು. ಏನ್ ಮಾಡಿದ್ಲೋ, ಎತ್ ಮಾಡಿದ್ಲೋ!”

ಒಳಕೋಣೆಯಲ್ಲಿ ಬಿಸಿ ಕಡ್ಡಿ ಹಿಡಿದು ಕೂತಿದ್ದ ಯಶೋದಮ್ಮನಿಗೆ ಅದು ಕೇಳಿಸಿತು. ಇಪ್ಪತ್ತೆರಡು ವರ್ಷ! ಹೊಗಳಿದಾಗೆಲ್ಲ ಬೀರಯ್ಯನ ಕೈ. ಬೈಗುಳ ಬಂದ ಮೊದಲನೇ ದಿನಕ್ಕೇ ಅದು ಯಶೋದಮ್ಮನ ಕೈಯಾಗಿಬಿಟ್ಟಿತು. ಹೇಳಿ, ಯಾವ ಹೆಂಗಸಿಗೆ ಹೊಟ್ಟೆ ಉರಿಯುವುದಿಲ್ಲ? ಹೊರಗೆ ಯಾರೋ ಕಿಸಕ್ಕೆಂದರು. “ಅಯ್ಯೋ, ಎಂಗುಸ್ರು ಕೈಲಿ ಕರೆಂಟ್ ಕೆಲ್ಸ ಮಾಡ್ಸುದ್ರೆ ಇನ್ನೇನಾದದು ಬುಡು” ಅಂತ ಇನ್ನೊಬ್ಬ ಅಂದ. ಸೋಮಶೇಖರ್ ಬೈಕು ಹತ್ತಿ ಹೊರಟುಹೋದ.

ಯಶೋದಮ್ಮ ಕಡ್ಡಿಯನ್ನು ಅದರ ಗೂಟಕ್ಕೆ ಸಿಕ್ಕಿಸಿದಳು. ಅಳಲಿಲ್ಲ. ಅವಳಿಗೆ ಸಿಟ್ಟು ಬಂದಾಗ ಕೈ ಇನ್ನೂ ನಿಧಾನವಾಗುತ್ತಿತ್ತು. ಪಿರಿಯಾಪಟ್ಟಣಕ್ಕೆ ಹೋಗಿದ್ದ ಲೈನನ್ನು ಗೋಡೆಯ ಮೊಳೆಯಿಂದ ತೆಗೆದು, ಎರಡೂ ತುದಿ ಬಿಚ್ಚಿ, ಮೀಟರಿನ ಮುಳ್ಳು ಹಿಡಿದು ನೋಡಿದಳು. ಬೆಸುಗೆ ಗಟ್ಟಿ, ಒಂದಕ್ಕೊಂದು ತಾಕಿಲ್ಲ, ಎಲ್ಲೂ ಕರಕಲಿಲ್ಲ. ಆ ಲೈನನ್ನೂ ಮೀಟರನ್ನೂ ಒಂದು ವೈರ್ ಬ್ಯಾಗಿಗೆ ಹಾಕಿದಳು. ಮನೆಯ ಸಣ್ಣ ಟೇಪ್‌ರೆಕಾರ್ಡರು, ಒಂದು ಕ್ಯಾಸೆಟ್ಟು, ತಾನು ಹಾರನ್ನು ಪರೀಕ್ಷೆಗೆ ಇಟ್ಟುಕೊಂಡಿದ್ದ ದೊಡ್ಡ ಹೆಡ್‌ಫೋನು, ಸೇರಿಸುವ ಪಿನ್ನುಗಳ ಡಬ್ಬಿ, ಇಷ್ಟೂ ಬ್ಯಾಗಿನೊಳಗೆ ಸೇರಿದವು. ಸೀರೆ ಬದಲಿಸಿ ಹೊರಗೆ ಬಂದಳು.

“ಎಲ್ಲಿಗ್ ಒಂಟೆ?” ಅಂದ ದೊಡ್ಡಬೀರಯ್ಯ.

“ಸಾಲಿಗ್ರಾಮುಕ್ಕೆ. ನನ್ ಬೆಸುಗೆ ಅಂದ್ರಲ್ಲ, ನಾನೇ ನೋಡ್ಕಂಡ್ ಬತ್ತೀನಿ.”

“ಲೇ, ಅವ್ರು ದೊಡ್ ಮಂದಿ ಕಣೆ. ಅದು ಡಿಜಿಟಲ್ಲು. ನಿಂಗೇನ್ ಗೊತ್ತಾದದು?”

“ಗೊತ್ತಾಗ್ದಿದ್ರೆ ಕೇಳ್ಕತೀನಿ. ಬಾಯೈತೆ” ಅಂದು ಹೊರಟೇಬಿಟ್ಟಳು.

ಕೆ.ಆರ್. ನಗರದವರೆಗೆ ಬಸ್ಸಿನಲ್ಲಿ ನಿಂತೇ ಹೋದಳು. ಅಲ್ಲಿಂದ ಸಾಲಿಗ್ರಾಮದ ಬಸ್ಸು ಸಿಕ್ಕಿ ಕೂರುವ ಹೊತ್ತಿಗೆ ಸಿಟ್ಟು ಕೊಂಚ ಇಳಿದು, ಅದರ ಜಾಗಕ್ಕೆ ಭಯ ಬಂದಿತ್ತು. ನಿಜವಾಗಿಯೂ ನನ್ನ ಲೈನಿನಿಂದಲೇ ಸುಟ್ಟಿದ್ದರೆ? ಹಾಗೇನಾದರೂ ಆಗಿದ್ದರೆ ನಾಳೆಯಿಂದ ಕಡ್ಡಿ ಮುಟ್ಟುವುದಿಲ್ಲ, ಪಾತ್ರೆ ತೊಳೆದುಕೊಂಡು ಇರುತ್ತೇನೆ ಅಂತ ಗದ್ದೆಗಳನ್ನು ನೋಡುತ್ತ ತೀರ್ಮಾನ ಮಾಡಿಬಿಟ್ಟಳು. ಆ ಕೆಲಸ ಬಿಟ್ಟರೆ ಯಶೋದಮ್ಮ ಅನ್ನುವವಳಿಗೆ ತನ್ನದು ಅನ್ನುವುದು ಬೇರೆ ಏನಿತ್ತು?

ಸೋಮಶೇಖರನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲು ತೆಗೆದವರು ಅವನ ತಾಯಿ ನೀಲಾಂಬಿಕೆ, ಬೆಳ್ಳಗಿನ ತಲೆಯ ದೊಡ್ಡ ಹೆಂಗಸು. ಬಿಸಿಲಲ್ಲಿ ಬಂದವಳನ್ನು ಕೂರಿಸಿ ಮಜ್ಜಿಗೆ ಕೊಟ್ಟರು. ಒಳಗಿಂದ ಬಂದ ಸೋಮಶೇಖರ್, ಅಂಗಡಿಗೆ ಹೋದಾಗ ಕಂಡಿದ್ದ ಅವಳ ಗುರುತು ಹಿಡಿದು ಹುಬ್ಬು ಗಂಟಿಕ್ಕಿದ.

“ನಿಮ್ಮೆಜಮಾನ್ರು ರಾಜಿ ಮಾಡೋಕೆ ನಿಮ್ಮನ್ನ ಕಳಿಸಿದ್ರಾ?”

“ಯಾರೂ ಕಳಿಸಿಲ್ಲ ಸೋಮಣ್ಣೋರೆ. ರಾಜಿಗೂ ಬಂದಿಲ್ಲ. ಬೆಸುಗೆ ನಂದು. ಅದು ಕೆಟ್ಟದ್ದೋ ಒಳ್ಳೇದೋ ನಂಗೆ ಗೊತ್ತಾಗ್ಬೇಕು. ಪೆಟ್ಟಿಗೆ ತತ್ತನ್ನಿ. ನಾನು ಸ್ಕ್ರೂ ಕೂಡ ಬಿಚ್ಚಕಿಲ್ಲ, ಕೇಳ್ತೀನಿ ಅಷ್ಟೆ.”

“ಕೊಡೋ, ತಿಂದ್ಬಿಡ್ತಾರಾ?” ಅಂದರು ನೀಲಾಂಬಿಕೆ. ಅವನು ಒಲ್ಲದ ಮನಸ್ಸಿನಿಂದ ತಂದಿಟ್ಟ. ಕಪ್ಪನೆಯ ತಗಡಿನ ಪೆಟ್ಟಿಗೆ, ಮುಂದೆ ಎರಡು ಕಾಲೊತ್ತು, ಮೇಲೆ ಸಾಲಾಗಿ ನಾಲ್ಕು ತಿರುಪು. ಪಕ್ಕದಲ್ಲಿ ಹೆಡ್‌ಫೋನಿಗೆ ಒಂದು ತೂತು, ಲೈನಿಗೆ ಇನ್ನೊಂದು ತೂತು.

ಯಶೋದಮ್ಮ ಹೆಡ್‌ಫೋನ್ ಹಾಕಿಕೊಂಡು, “ನುಡಿಸಿ” ಅಂದಳು. ಅವನು ನುಡಿಸಿದ. ಹೌದು, ಮಂಕು. ತಂತಿ ಮೀಟಿದ್ದು ತಿಳಿಯುತ್ತೆ, ಆದರೆ ಉಗುರು ತಂತಿಗೆ ತಾಗುವಾಗಿನ ಆ ಕಿಣಿ ಇಲ್ಲ. ಸೋಮಶೇಖರ್ ಸುಳ್ಳು ಹೇಳಿರಲಿಲ್ಲ.

ಮೊದಲು ಅವನ ಹೆಡ್‌ಫೋನನ್ನು ತನ್ನ ಟೇಪ್‌ರೆಕಾರ್ಡರಿಗೆ ಹಾಕಿದಳು. ಕ್ಯಾಸೆಟ್ಟಿನ ತಾಳದ ಚಿಣಿಚಿಣಿ ಕೂಡ ಸ್ಪಷ್ಟವಾಗಿ ಕೇಳಿಸಿತು. “ನಿಮ್ ಎಡ್‌ಫೋನು ಸರಿಯಾಗದೆ” ಅಂದಳು. ತನ್ನ ಹೆಡ್‌ಫೋನನ್ನು ಪೆಟ್ಟಿಗೆಗೆ ಹಾಕಿದಳು, ಅದೇ ಮಂಕು. ನಡುವಿನ ಪಿನ್ನನ್ನು ಒರೆಸಿ, ಬೇರೆ ಪಿನ್ನು ಹಾಕಿ, ಒಂದೊಂದೇ ಕೂದಲೆಳೆಯಷ್ಟು ಹೊರಗೆಳೆದು ನೋಡಿದಳು, ಬದಲಾಗಲಿಲ್ಲ. ಗಿಟಾರನ್ನು ಪೆಟ್ಟಿಗೆಯಿಂದ ಕಿತ್ತು ಟೇಪ್‌ರೆಕಾರ್ಡರಿನ ಮೈಕಿನ ತೂತಿಗೆ ನೇರ ಕೊಟ್ಟಳು, ಆಗ ತಂತಿ ಖಣಖಣ ಅಂತು. ಹಾಗಾದರೆ ಗಿಟಾರೂ ಸರಿ, ಅದರ ವೈರೂ ಸರಿ. ಪ್ರತಿ ಸಲವೂ ಒಂದನ್ನೇ ಬದಲಿಸುತ್ತಿದ್ದಳು, ಉಳಿದದ್ದನ್ನು ಅಲ್ಲಾಡಿಸುತ್ತಿರಲಿಲ್ಲ. ಅದು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ, ಹಾರನ್ನಿನೊಂದಿಗೆ ಹೆಣಗಿ ಹೆಣಗಿ ಕಲಿತದ್ದು. ಸೋಮಶೇಖರ್ ಮೊದಲು ಗೋಡೆಗೆ ಒರಗಿ ನಿಂತಿದ್ದವನು ಈಗ ನೆಲದ ಮೇಲೆ ಕೂತಿದ್ದ.

ಆಮೇಲೆ ಪೆಟ್ಟಿಗೆಯ ಎರಡನೇ ತೂತು. ಅದಕ್ಕೆ ತನ್ನ ಲೈನು ಸಿಕ್ಕಿಸಿ ಟೇಪ್‌ರೆಕಾರ್ಡರಿಗೆ ಕೊಟ್ಟಳು. ಇಲ್ಲೂ ಮಂಕು.

“ನೋಡಿದ್ರಾ?” ಅಂದ ಸೋಮಶೇಖರ್. ಅವನ ದನಿಯಲ್ಲಿ ಸಿಟ್ಟಿಗಿಂತ ಬೇಜಾರು ಹೆಚ್ಚಿತ್ತು. “ಎರಡೂ ಕಡೆ ಹಾಗೇ. ಒಳಗೇ ಸುಟ್ಟಿದೆ.”

ಯಶೋದಮ್ಮ ಮಜ್ಜಿಗೆಯ ಲೋಟ ಎತ್ತಿದಳು, ಕುಡಿಯದೆ ಇಟ್ಟಳು. ಮುಗಿಯಿತು ಅಂದುಕೊಂಡಳು. ಆದರೂ ಹಾಳು ಕಿವಿ ಸುಮ್ಮನಿರಬೇಕಲ್ಲ! ಅದು ಏನೋ ಹೇಳುತ್ತಿತ್ತು. “ಇನ್ನೊಂದ್ ಸಲ ನುಡಿಸಿ. ಬುಡಿ ಬುಡಿಯಾಗಿ, ಒಂದೊಂದೇ ತಂತಿ” ಅಂದು ಕಣ್ಣು ಮುಚ್ಚಿದಳು.

ಸುಟ್ಟ ಕಾಯಿಲ್ಲಿನ ಸದ್ದು ಅವಳಿಗೆ ಗೊತ್ತು. ಅದು ಚರಗುಟ್ಟುತ್ತೆ, ಬಂದು ಹೋಗುತ್ತೆ, ಒಂದು ದನಿಗೆ ಹೆದರಿ ಇನ್ನೊಂದಕ್ಕೆ ಬಾಯಿ ಬಿಡುತ್ತೆ. ಇಲ್ಲಿ ಹಾಗೇನೂ ಇಲ್ಲ. ಆರೂ ತಂತಿಯ ಮಂಕು ಒಂದೇ ಅಳತೆ. ಹಿಂದೆ ಗೊರಗೊರ ಇಲ್ಲ, ನಡುವೆ ಕಡಿತ ಇಲ್ಲ.

“ಸೋಮಣ್ಣೋರೆ, ಇದು ಒಂದ್ ನಂಬರ್‌ನಲ್ ಅಂಗೋ, ಎಲ್ಲಾದ್ರಲ್ಲೂ ಅಂಗೋ?”

“ಐವತ್ತರಲ್ಲೂ ಹಾಗೇ.”

“ಐವತ್ತೂ ಒಂದೇ ದಿನ ಸುಡ್ತಾವಾ? ಸುಟ್ಟಿದ್ದು ಇಷ್ಟ್ ನೀಟಾಗಿರಾಕಿಲ್ಲ ಕಣ್ರೀ. ಇದು ಕೆಟ್ಟಿದ್ದಲ್ಲ. ಯಾರೋ ತಗ್ಗಿಸಿರೋದು.” ಅವಳು ಪೆಟ್ಟಿಗೆಯನ್ನು ತನ್ನ ಕಡೆ ಎಳೆದುಕೊಂಡಳು. “ಐವತ್ತು ನಂಬರಿನ ಮ್ಯಾಲೂ ನಡೆಯೋ ತಿರುಪು ಯಾವ್ದಾದ್ರೂ ಐತಾ ಇದ್ರಲ್ಲಿ?”

ಸೋಮಶೇಖರ್ ತಲೆ ಕೆರೆದುಕೊಂಡ. “ಇದೆ. ಈ ಮೊದಲನೇ ತಿರುಪನ್ನ ಕೊನೆಗೆ ತಂದ್ರೆ ಒಟ್ಟು ಸದ್ದಿನದು ಬರತ್ತೆ. ಆಮೇಲೆ ಈ ನಾಲ್ಕನೇದು ತಿರುಗಿಸಿದ್ರೆ ಒಟ್ಟು ಟ್ರೆಬಲ್ಲು. ಪೆಟ್ಟಿಗೆ ಅದನ್ನ ನೆನಪಿಟ್ಕೊಳ್ಳತ್ತೆ, ಆಫ್ ಮಾಡಿದ್ರೂ ಹೋಗಲ್ಲ. ಆದ್ರೆ ನಾನು ತಂದ ದಿನ ನಡುವಿಗೆ, ಹತ್ತಕ್ಕೆ ಇಟ್ಟಿದ್ದು. ಮತ್ತೆ ಮುಟ್ಟೇ ಇಲ್ಲ.”

“ತೋರ್ಸಿ ನೋಡಣ.”

ಅವನು ಮೊದಲನೇ ತಿರುಪನ್ನು ಕೊನೆಗೆ ತಂದ. ಕೆಂಪು ಅಂಕಿ ಬೆಳಗಿತು. ಹತ್ತಲ್ಲ, ಸೊನ್ನೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಸೋಮಶೇಖರ್ ನಾಲ್ಕನೆಯದನ್ನು ಮೆಲ್ಲಗೆ ತಿರುಗಿಸಿದ. ಮೂರು, ಆರು, ಒಂಬತ್ತು, ಹತ್ತು. ಯಶೋದಮ್ಮನ ತಲೆಯ ಮೇಲಿನ ಹೆಡ್‌ಫೋನು ಕಿತ್ತು ತಾನು ಹಾಕಿಕೊಂಡು ಒಂದು ಮೀಟು ಮೀಟಿದ. ಅವನ ಮುಖ ಅರಳಿದ್ದನ್ನು ನೀಲಾಂಬಿಕೆಯೂ ಕಂಡರು. “ಬಂತು! ಅವ್ವಾ, ಬಂತು!” ಅಂತ ಕೂಗಿದ. ಕಿವಿ ಮುಚ್ಚಿದ್ದರಿಂದ ತಾನು ಎಷ್ಟು ಜೋರಾಗಿ ಕೂಗಿದೆ ಅನ್ನುವುದು ಅವನಿಗೇ ತಿಳಿಯಲಿಲ್ಲ.

ಯಶೋದಮ್ಮನ ಕಣ್ಣು ತುಂಬಿತು. ಸುಟ್ಟಿಲ್ಲ. ನನ್ನ ಬೆಸುಗೆ ಯಾರ ಸಾಮಾನನ್ನೂ ಸುಟ್ಟಿಲ್ಲ. ಬೆನ್ನು ತಾನಾಗಿ ನೆಟ್ಟಗಾಯಿತು. ಆ ಹಜಾರದಲ್ಲಿ ಆ ಗಳಿಗೆ ಅವಳಷ್ಟು ಎತ್ತರದವರು ಯಾರೂ ಇರಲಿಲ್ಲ.

“ಆದ್ರೆ ಇದನ್ನ ತಿರುಗಿಸಿದ್ದು ಯಾರು?” ಅಂದ ಸೋಮಶೇಖರ್, ಹೆಡ್‌ಫೋನು ಕೆಳಗಿಟ್ಟು.

ಆಗ ಅವಳ ಕಣ್ಣು ಆ ನಾಲ್ಕನೇ ತಿರುಪಿನ ಮೇಲೆ ನಿಂತಿತು. ಅದರ ಗೀರುಗಳ ನಡುವೆ ಬೆಳ್ಳಗೆ ಏನೋ ಒಣಗಿ ಕೂತಿತ್ತು. ಮೊದಲನೇ ತಿರುಪಿನ ಮೇಲೂ ಒಂದು ಚುಕ್ಕೆ. ಅವಳು ನೋಡುವುದನ್ನು ಕಂಡು ಸೋಮಶೇಖರ್ ನಾಚಿಕೊಂಡು ನಕ್ಕ. “ಅದು ವಿಭೂತಿ. ಪೂಜೆ ಮುಗಿಸಿ ಹಾಗೇ ನುಡಿಸೋಕೆ ಕೂತ್ಕೋತೀನಿ ನೋಡಿ, ಕೈಯಿಂದ ಮೆತ್ಕೊಂಡಿರತ್ತೆ.”

ಯಶೋದಮ್ಮ ಆ ಬಿಳಿಯನ್ನು ಉಗುರಿನಿಂದ ಕೆರೆದಳು. ಗಟ್ಟಿ. ವಿಭೂತಿಯಾಗಿದ್ದರೆ ಪುಡಿಯಾಗಿ ಉದುರಬೇಕಿತ್ತು. ಇಪ್ಪತ್ತೆರಡು ವರ್ಷ ಸೆರಗಿನಲ್ಲಿ ಒರೆಸಿದ ಗುರುತು ಅವಳಿಗೆ ತಿಳಿಯದೇ? ಪಿರಿಯಾಪಟ್ಟಣದ ಮದುವೆಮನೆ ಕಣ್ಣಿಗೆ ಕಟ್ಟಿತು. ಆರ್ಕೆಸ್ಟ್ರಾದವರು ಊಟಕ್ಕೆ ಎದ್ದಿರುತ್ತಾರೆ. ಮೊದಲ ಹಾಡಿನಲ್ಲೇ ಹಾರನ್ನು ಕೀರಲು ಹೊಡೆದಿರುತ್ತೆ. ಆಂಪ್ಲಿಫೈಯರಿನ ತಿರುಪು ಅಂಟಿಹೋಗಿದೆ. ಗಂಡ ಬಂದು ಈ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಗಿಟಾರಿನ ತಂತಿ ಮೀಟುತ್ತ ತಿರುಪು ಒಂದೊಂದೇ ತಡವಿ, ಯಾವುದೋ ಒಂದರಲ್ಲಿ ಕೀರಲು ತಗ್ಗಿದ ಕೂಡಲೆ ಖುಷಿಯಾಗಿ, ಯಾರಿಗೂ ಗೊತ್ತಾಗದ ಹಾಗೆ ಮೊದಲನೆಯದನ್ನು ಇದ್ದಲ್ಲಿಗೆ ತಂದಿಟ್ಟು ಎದ್ದುಹೋಗಿದ್ದಾನೆ. ಆಮೇಲಿನ ಮಂಕು ಹಾರನ್ನಿನ ಚೂಪಿನಲ್ಲಿ ಮುಚ್ಚಿಹೋಗಿ ಅಲ್ಲಿ ಯಾರಿಗೂ ಕೇಳಿಸಿಲ್ಲ.

ವಿಭೂತಿ ಅಂತ ಸೋಮಶೇಖರನೇ ಒಪ್ಪಿಕೊಂಡಿದ್ದ. ಹೂಂ ಅಂದಿದ್ದರೆ ಸಾಕಿತ್ತು. ಲೈನು ಸರಿ ಅಂತ ಆಯಿತು, ಪೆಟ್ಟಿಗೆ ಸರಿಹೋಯಿತು, ಗಂಡನ ಮಾನ ಉಳಿಯಿತು. ಎದ್ದು ಬಸ್ಸು ಹತ್ತುವುದಷ್ಟೆ. ನಮ್ಮನೆ ಎಂಗ್ಸು ಏನ್ ಮಾಡಿದ್ಲೋ ಅಂದ ಗಂಡ ಅವನು, ನಿಜ. ಆದರೂ ಪರರ ಹಜಾರದಲ್ಲಿ ಕೂತು ಅವನನ್ನು ಹಿಡಿದುಕೊಡುವುದು ಅಂದರೆ ಅವಳ ನಾಲಿಗೆ ಏಳಲಿಲ್ಲ. ಆದರೆ ಯಾಕೆ ಮಂಕಾಯಿತು ಅಂತ ತಿಳಿದೂ ಹೇಳದಿದ್ದರೆ ಅದು ಎಂಥ ರಿಪೇರಿ? ಅರ್ಧ ಬೆಸುಗೆ ಹಾಕಿ ಅವಳು ಯಾವತ್ತೂ ಎದ್ದವಳಲ್ಲ.

“ಇದು ಇಬೂತಿ ಅಲ್ಲ ಸೋಮಣ್ಣೋರೆ. ಸುಣ್ಣ. ಎಲೆಯಡಿಕೆ ಸುಣ್ಣ. ತಿರುಗಿಸಿದ್ದು ನಮ್ ಯಜಮಾನ್ರು.”

ಅವಳು ಉಗುರುಬಣ್ಣದ ಕಥೆಯಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಮೊದಲು ನಕ್ಕವರು ನೀಲಾಂಬಿಕೆ. “ಸುಣ್ಣವಂತೆ! ಎರಡು ವಾರದಿಂದ ನೀನು ವಿಭೂತಿ ಅಂತ ಕಣ್ಣಿಗೊತ್ಕೊಂಡಿದ್ದೀಯೋ ಏನೋ” ಅಂದರು. ಅವನಿಗೂ ನಗು ತಡೆಯಲಾಗಲಿಲ್ಲ, ಗಿಟಾರಿನ ಮೇಲೇ ಬಗ್ಗಿ ನಕ್ಕ.

ಅವರ ನಗು ಮುಗಿಯುವವರೆಗೂ ಯಶೋದಮ್ಮ ವೈರುಗಳನ್ನು ಸುತ್ತಿ ಬ್ಯಾಗಿಗೆ ತುಂಬಿದಳು. ಆಮೇಲೆ ಎದ್ದು ನಿಂತಳು. “ನಗಿ, ಬ್ಯಾಡ ಅನ್ನಾಕಿಲ್ಲ. ತಪ್ಪು ನಮ್ದು. ಆದ್ರೆ ನನ್ ಲೈನು ಸುಟ್ತು ಅಂದ್ರಲ್ಲ, ಮಾದೇವನ ಟೀ ಅಂಗಡಿ ಮುಂದೆ, ಅಷ್ಟ್ ಜನದ್ ಎದುರಿಗೆ. ಎಲ್ಲಿ ಅಂದ್ರೋ ಅಲ್ಲೇ ಬಂದು ಸುಟ್ಟಿಲ್ಲ ಅನ್ಬೇಕು. ಇಲ್ಲಿ ಅಂದ್ರೆ ನಂಗ್ ಬ್ಯಾಡ.”

ಸೋಮಶೇಖರನ ನಗು ನಿಂತಿತು. ಎದ್ದು ನಿಂತು ಕೈ ಮುಗಿದ. “ಅಂತೀನಿ ಯಶೋದಮ್ಮನೋರೇ. ಭಾನುವಾರ ಸೆಟ್ಟೂ ನಿಮ್ಮದೇ. ಮೈಸೂರಿನೋರು ಬಿಚ್ಚದೇ ಹೇಳಿದ್ರು, ನೀವು ಬಿಚ್ಚದೇ ಸರಿ ಮಾಡಿದ್ರಿ.”

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ದೊಡ್ಡಬೀರಯ್ಯ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ. ಮಧ್ಯಾಹ್ನ ಉಂಡ ಹಾಗೆ ಕಾಣಲಿಲ್ಲ. ಅವಳು ಬ್ಯಾಗು ಇಳಿಸಿ, ಅವನ ಬಲಗೈ ಹಿಡಿದು, ತೋರುಬೆರಳನ್ನು ಬೆಳಕಿಗೆ ಎತ್ತಿದಳು. ಬೆಳ್ಳಗೆ ಸುಣ್ಣ.

“ಪಿರಿಯಾಪಟ್ಣದಲ್ಲಿ ಆ ಕರೀ ಪೆಟ್ಟಿಗೆ ಮುಟ್ಟಿದ್ರಾ?”

ಅವನು ಬೆರಳನ್ನೇ ನೋಡಿದ. “ಕೀರಲು ಒಡೀತಿತ್ತು ಕಣೆ” ಅಂದ. “ಅದ್ರಿಂದ್ಲಾ?”

“ಅದ್ರಿಂದ್ಲೇ. ಸುಟ್ಟಿರ್ಲಿಲ್ಲ. ಅವ್ರಿಗ್ ಏಳ್ಬುಟ್ ಬಂದೆ.”

“ನಾನು ಅಂತ್ಲೂ ಏಳ್ದಾ?”

“ಏಳ್ದೆ.”

ಬೈಯುತ್ತಾನೆ ಅಂತ ಅವಳು ಕಾದಳು. ಬೈಯಲಿಲ್ಲ. ತಲೆ ತಗ್ಗಿಸಿಕೊಂಡು ಒಳಗೆ ಹೋಗಿ ತಾನೇ ಅನ್ನ ಬಡಿಸಿಕೊಂಡು, ಅವಳಿಗೂ ಒಂದು ತಟ್ಟೆ ಹಾಕಿಟ್ಟ. ಇಬ್ಬರೂ ಉಂಡರು. ಮಾರನೆಯ ದಿನ ಯಶೋದಮ್ಮ ಬ್ಲೇಡು ಹಿಡಿದು ಆಂಪ್ಲಿಫೈಯರಿನ ತಿರುಪಿನ ಉಗುರುಬಣ್ಣವನ್ನು ಕೆರೆದು ತೆಗೆದಳು. “ಇನ್ಮ್ಯಾಕೆ ಕೀರಲು ಒಡುದ್ರೆ ನಮ್ದ ತಿರುಗ್ಸಿ. ಅವ್ರದ್ನಲ್ಲ” ಅಂದಳು. ಅವನು ಹೂಂ ಅಂದ.

ಶನಿವಾರ ಸೋಮಶೇಖರ್ ಬಂದು ಮಾದೇವನ ಅಂಗಡಿಯ ಮುಂದೆ ನಿಂತು ಹೇಳಬೇಕಾದ್ದನ್ನು ಹೇಳಿದ. ದೊಡ್ಡಮನುಷ್ಯ, ಸುಣ್ಣದ ಮಾತನ್ನು ಎತ್ತಲಿಲ್ಲ. ಯಶೋದಮ್ಮನ ಲೈನಿನಿಂದ ಏನೂ ಸುಟ್ಟಿರಲಿಲ್ಲ, ನಾನೇ ದುಡುಕಿದೆ ಅಂದಷ್ಟೇ ಹೇಳಿ ಎಲ್ಲರಿಗೂ ಟೀ ಕುಡಿಸಿದ. ಆವತ್ತು ಕಿಸಕ್ಕೆಂದಿದ್ದವನೂ ಕುಡಿದ.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಭಾನುವಾರ ಸಂಜೆ ನಾಲ್ಕು ಗಂಟೆ. ಯಶೋದಮ್ಮ ಮನೆಯ ಮುಂದೆ ಮೊರದಲ್ಲಿ ಅವರೆಕಾಳು ಬಿಡಿಸುತ್ತ ಕೂತಿದ್ದಳು. ಮೈದಾನದಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಹಾರನ್ನು ಕಟ್ಟಿದ್ದರು, ಒಂದರ ಬಾಯಿ ಹೊಳೆಯ ಕಡೆಗೆ. ಮೈಕ್ ಟೆಸ್ಟಿಂಗ್ ಸುರುವಾಯಿತು. ಇಪ್ಪತ್ತೆರಡು ವರ್ಷದಿಂದ ಕೇಳಿದ ಅದೇ ಗಂಡನ ದನಿ.

“ಹಲೋ, ಹಲೋ. ಮೈಕ್ ಟೆಸ್ಟಿಂಗ್. ಒನ್, ಟೂ, ತ್ರೀ.”

ಅವಳ ಕಿವಿ ತಾನಾಗಿ ಚುರುಕಾಯಿತು. ಗೊರಗೊರ ಇಲ್ಲ. ಲೈನು ಸರಿಯಿದೆ. ಮತ್ತೆ ಕಾಳಿಗೆ ಕೈ ಹಾಕಿದಳು. ಹಾರನ್ನು ಒಮ್ಮೆ ಕೆಮ್ಮಿತು.

“ಹಲೋ. ಉಣುಸೂರಿನ ಮಹಾಜನಗಳಲ್ಲಿ ಒಂದು ಇಗ್ಯಾಪನೆ. ನಾನು ದೊಡ್ಡಬೀರಯ್ಯ ಮಾತಾಡ್ತಿರೋದು. ಮೊನ್ನೆ ಒಬ್ರ ಪೆಟ್ಟಿಗೆ ಸೌಂಡು ಮಂಕಾಯ್ತು ಅಂತ ಗಲಾಟೆ ಆಯ್ತಲ್ಲ. ಅದು ಲೈನಿನ ತಪ್ಪಲ್ಲ. ನಾನು ಕೇಳ್ದೆ ಮಾಡ್ದೆ ಅವ್ರ ತಿರುಪು ತಿರುಗ್ಸಿದ್ದು. ತಪ್ಪು ನಂದು. ಅಲೋ. ಇನ್ನೊಂದ್ ಇಸ್ಯ. ಇಪ್ಪತ್ತೆರಡ್ ವರ್ಸದಿಂದ ನೀವು ಬೀರಯ್ಯನ ಲೈನು, ಬೀರಯ್ಯನ ಲೈನು ಅಂತಿದ್ರಲ್ಲ, ಅದ್ರಲ್ ಒಂದ್ ಬೆಸುಗೆನೂ ನಂದಲ್ಲ. ಎಲ್ಲಾ ನಮ್ಮ ಯಶೋದಮ್ಮಂದು.”

ತಪ್ಪಿಸಿಕೊಂಡ ಮಕ್ಕಳ ಹೆಸರು ಆ ಹಾರನ್ನು ಕೂಗಿತ್ತು. ಮದುಮಕ್ಕಳದು, ದಾನಿಗಳದು, ಎಲೆಕ್ಷನ್ನಿಗೆ ನಿಂತವರದು, ಎಷ್ಟೋ ಹೆಸರು. ಈ ಒಂದು ಹೆಸರು ಮಾತ್ರ ಅದರ ಬಾಯಿಂದ ಎಂದೂ ಬಂದಿರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ಅವಳ ಕಡೆ ತಿರುಗಿದರು. ಎದುರುಮನೆಯ ಬೀರಮ್ಮ ಬಾಗಿಲಿಗೆ ಬಂದು, “ಲೇ ಯಶೋದಿ, ನಿನ್ನೆಸ್ರು ಕಣೆ!” ಅಂತ ಕೂಗಿದಳು.

“ಯಶೋದಮ್ಮಂದು” ಅಂತ ಹಾರನ್ನು ಇನ್ನೊಂದು ಸಲ ಹೇಳಿತು. ಆ ಹೆಸರಿನ ‘ಶ’ ಕಿವಿಗೆ ಚುಚ್ಚುವಷ್ಟು ಚೂಪಾಗಿತ್ತು. ಮಾತು ಹೊಳೆಯಾಚೆಗೂ ಮುಟ್ಟಲಿ ಅಂತ ಗಂಡ ತಮ್ಮದೇ ಟ್ರೆಬಲ್ ತಿರುಪನ್ನು ಕೊನೆಯವರೆಗೂ ಏರಿಸಿದ್ದಾನೆ ಅಂತ ಅವಳಿಗೆ ತಕ್ಷಣ ಗೊತ್ತಾಯಿತು. ಬೇರೆ ದಿನವಾಗಿದ್ದರೆ ಮೊರ ಬಿಸಾಕಿ ಮೈದಾನಕ್ಕೆ ಓಡಿ ಇಳಿಸಿ ಬರುತ್ತಿದ್ದಳು. ಇವತ್ತೊಂದು ದಿನ ಹಾಗೇ ಇರಲಿ ಅಂದುಕೊಂಡು ಯಶೋದಮ್ಮ ಸೆರಗಿನಲ್ಲಿ ಕಣ್ಣು ಒರೆಸಿ, ತಲೆ ಎತ್ತಿ ಕೇಳುತ್ತ ಕೂತಳು.